ಸಾಗರಮಣಿಯ ಡಾಂಕಿ ಬಾಯ್ಲರ್

೧೯೬೩ರಲ್ಲಿ ನಾನು ಚಿತ್ರದುರ್ಗದಲ್ಲಿ ಬಾಯ್ಲರ್ ಇನ್‌ಸ್ಪೆಕ್ಟರ್ ಆಗಿದ್ದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹತ್ತಿ ಜಿನ್ನು, ಎಣ್ಣೆ ಮಿಲ್ಲು, ಅಕ್ಕಿ ಗಿರಣಿಗಳಲ್ಲಿ ಎಲ್ಲೆಲ್ಲಿ ಹಬೆ ಏಳುತ್ತಿತ್ತೋ ಅಲ್ಲೆಲ್ಲ ವರ್ಷಕ್ಕೊಮ್ಮೆ ಹೋಗಿ ನೋಡಿ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ. ನನ್ನ ಸಹಿ ಇಲ್ಲದೆ ಬಾಯ್ಲರಿಗೆ ಬೆಂಕಿ ಹಾಕುವಂತಿರಲಿಲ್ಲ. ಹೀಗಾಗಿ ಹೋದಲ್ಲೆಲ್ಲ ನನಗೆ ಕಾಫಿ, ಬಾಳೆಹಣ್ಣು, ನಗುಮುಖ ಸಿಗುತ್ತಿದ್ದವು. ಅವನ್ನೆಲ್ಲ ನಾನು ಸಂಶಯದಿಂದಲೇ ನೋಡುತ್ತಿದ್ದೆ. ಮಿಲ್ಲಿನವರು ಬೆನ್ನ ಹಿಂದೆ ನನ್ನನ್ನು ಸಂಶಯದ ಪಿಶಾಚಿ ಎನ್ನುತ್ತಿದ್ದರೆಂಬುದು ಗೊತ್ತಿತ್ತು. ನನ್ನ ಹೆಂಡತಿ ಮುಂದೆಯೇ ಹೇಳುತ್ತಿದ್ದಳು, ಇವರು ಗುಡಿಯ ತೀರ್ಥವನ್ನೂ ಮೂಸಿ ನೋಡಿ ಕುಡಿಯುವವರು ಎಂದು.

ಆ ವರ್ಷ ಶೇಂಗಾ ಕೀಳುವ ಹೊತ್ತಿಗೆ ಸರಿಯಾಗಿ ಹಿರಿಯೂರಿನಿಂದ ಒಂದು ಅರ್ಜಿ ಬಂತು. ಅರ್ಜಿದಾರರು ಗುರುಸಿದ್ದಪ್ಪ ಎಂಬ ಎಣ್ಣೆ ಮಿಲ್ ಮಾಲೀಕರು. ಶೇಂಗಾ ಪುಡಿಯನ್ನು ಹಬೆಯಲ್ಲಿ ಬೇಯಿಸಿ ಹಿಂಡಿದರೆ ಎಣ್ಣೆ ಹೆಚ್ಚು ಇಳಿಯುತ್ತದೆ, ಅದಕ್ಕಾಗಿ ಮುಂಬಯಿಯ ಹಡಗು ಒಡೆಯುವ ಯಾರ್ಡಿನಿಂದ ಒಂದು ಹಳೆಯ ಬಾಯ್ಲರ್ ತರಿಸಿದ್ದೇನೆ, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಬೇಕು ಎಂಬುದು ಅವರ ಕೋರಿಕೆ. ಅಲ್ಲಿಯವರೆಗೆ ಎಲ್ಲ ಸರಿ. ಕೊನೆಗೆ ಒಂದು ಸಾಲಿತ್ತು. ಇದು ‘ಸಾಗರಮಣಿ’ ಹಡಗಿನ ಡಾಂಕಿ ಬಾಯ್ಲರ್, ತಾವು ಆ ಹಡಗಿನಲ್ಲಿ ಕೆಲಸ ಮಾಡಿದವರಾದ್ದರಿಂದ ತಾವೇ ಖುದ್ದಾಗಿ ಬರಬೇಕು ಎಂದು.

ನಾನು ಯಾವ ಹಡಗಿನಲ್ಲಿ ಕೆಲಸ ಮಾಡಿದ್ದೆನೆಂದು ಹಿರಿಯೂರಿನ ಎಣ್ಣೆ ವ್ಯಾಪಾರಿಗೆ ಹೇಗೆ ಗೊತ್ತು? ಗೊತ್ತಿದ್ದರೂ ನಾನೇ ಯಾಕೆ ಬರಬೇಕು? ಇನ್‌ಸ್ಪೆಕ್ಟರನ್ನು ಹೆಸರು ಹಿಡಿದು ಕರೆಯುವವರು ಸಾಮಾನ್ಯವಾಗಿ ಎರಡೇ ಥರ. ಒಬ್ಬ ಏನನ್ನೋ ಮುಚ್ಚಿಟ್ಟವನು, ಇನ್ನೊಬ್ಬ ಏನನ್ನೋ ಮುಚ್ಚಿಡಲಿಕ್ಕೆ ಹೊರಟವನು.

ಆ ಹಡಗಿನ ವಿಷಯ ಹೇಳದೆ ಮುಂದೆ ಹೋದರೆ ಏನೂ ಅರ್ಥವಾಗುವುದಿಲ್ಲ.

ನಾನು ಮತ್ತೋಡಿನವನು. ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆ. ಸಿರಿಗೆರೆಯಲ್ಲಿ ಓದಿ, ಯಾರದೋ ಕೈ ಹಿಡಿದು ಮುಂಬಯಿಗೆ ಹೋಗಿ, ಬಂದರಿನ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಕೊನೆಗೆ ಸಾಗರಮಣಿಯಲ್ಲಿ ಐದನೆಯ ಎಂಜಿನಿಯರ್ ಆದೆ. ಹಡಗಿನಲ್ಲಿ ಐದನೆಯ ಎಂಜಿನಿಯರ್ ಎಂದರೆ ಎಲ್ಲರಿಂದಲೂ ಬೈಸಿಕೊಳ್ಳುವವನು. ಖಲಾಸಿಗಳು ನನ್ನನ್ನು ‘ಪಾಂಚ್ ಸಾಬ್’ ಎನ್ನುತ್ತಿದ್ದರು. ನಮ್ಮ ಅವ್ವ ಆಗಿನ್ನೂ ಸಮುದ್ರವನ್ನೇ ನೋಡಿರಲಿಲ್ಲ. ಮಗ ನೀರಿನ ಮೇಲೆ ಕಬ್ಬಿಣದ ಮನೆಯಲ್ಲಿದ್ದಾನೆ ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳಂತೆ.

ಸಾಗರಮಣಿ ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ, ಅಟ್ಲಾಂಟಿಕ್ಕಿನ ಆಚೆಯ ಒಂದು ಯಾರ್ಡಿನಲ್ಲಿ. ಆಗ ಅದರ ಹೆಸರು ಬೇರೆ, ಯಾವನೋ ಸತ್ತ ನ್ಯಾಯಾಧೀಶನದು. ಶತ್ರುವಿನ ಸಬ್‌ಮರೀನುಗಳು ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ಮುಳುಗುವುದಕ್ಕಿಂತ ಬೇಗ ಕಟ್ಟಬೇಕು ಎಂಬುದೊಂದೇ ಆಗಿನ ಲೆಕ್ಕ. ಅದಕ್ಕಾಗಿ ಹಡಗನ್ನು ತುಂಡು ತುಂಡಾಗಿ ಬೇರೆ ಬೇರೆ ಷೆಡ್ಡುಗಳಲ್ಲಿ ಮಾಡಿ, ಕ್ರೇನಿನಲ್ಲಿ ಎತ್ತಿ ತಂದು ಒಂದಕ್ಕೊಂದು ವೆಲ್ಡ್ ಮಾಡಿ ಅಂಟಿಸಿಬಿಡುತ್ತಿದ್ದರು. ಹಿಂದಿನ ಕಾಲದಲ್ಲಿ ತಗಡಿನ ಮೇಲೆ ತಗಡು ಕೂರಿಸಿ ರಿವೆಟ್ ಬಡಿಯುತ್ತಿದ್ದರು, ಒಂದು ಹಡಗಿಗೆ ವರ್ಷ ಹಿಡಿಯುತ್ತಿತ್ತು. ಇದು ವಾರಗಳ ಮಾತು. ಮೊನ್ನೆಯವರೆಗೆ ಅಂಗಡಿಯಲ್ಲಿ, ಹೊಲದಲ್ಲಿ ಇದ್ದ ಹೆಂಗಸರೂ ಗಂಡಸರೂ ಕೈಗೆ ವೆಲ್ಡಿಂಗ್ ಹಿಡಿ ಹಿಡಿದಿದ್ದರು. ನಮ್ಮ ಚೀಫ್ ಎಂಜಿನಿಯರ್ ಒಬ್ಬ ಮುದಿ ಪಾರ್ಸಿ, ಅವರು ಹೇಳುತ್ತಿದ್ದರು: ಇದನ್ನು ಕಟ್ಟಿದವರಿಗೆ ಇದು ಯುದ್ಧ ಮುಗಿಯುವವರೆಗೆ ತೇಲಿದರೆ ಸಾಕಾಗಿತ್ತು, ನಾವು ಇದರಲ್ಲಿ ಸಂಸಾರ ಮಾಡುತ್ತಿದ್ದೇವೆ ಎಂದು.

ಯುದ್ಧದಲ್ಲಿ ಅದು ಟ್ಯಾಂಕು, ಟ್ರಕ್ಕು, ಮದ್ದುಗುಂಡು ಹೊತ್ತಿತ್ತು. ಯುದ್ಧ ಮುಗಿದ ಮೇಲೆ ಇಂಥ ಹಡಗುಗಳು ಅಗ್ಗವಾದವು. ನಮಗೂ ಸ್ವಾತಂತ್ರ್ಯ ಬಂದಿತ್ತು, ನಮ್ಮವರಿಗೂ ಸ್ವಂತ ಹಡಗು ಬೇಕಿತ್ತು. ಮುಂಬಯಿಯ ಒಂದು ಕಂಪನಿ ಇದನ್ನು ಕೊಂಡು, ಬಣ್ಣ ಬಳಿದು, ಸಾಗರಮಣಿ ಎಂದು ಹೆಸರಿಟ್ಟಿತು. ಬರುವಾಗ ಹೊರದೇಶದ ಗೋಧಿ, ಹೋಗುವಾಗ ನಮ್ಮ ಅದಿರು. ಒಮ್ಮೆ ಮದ್ರಾಸಿನಲ್ಲಿ ಮ್ಯಾಂಗನೀಸ್ ಅದಿರು ತುಂಬುತ್ತಿದ್ದಾಗ ಬಾಯ್ಲರ್ ನೋಡಿಕೊಳ್ಳುವವನೊಬ್ಬ ಕೆಳಗಿನಿಂದ ಹತ್ತಿ ಬಂದು, ಅದಿರಿನ ಚೂರೊಂದನ್ನು ಅಂಗೈಯಲ್ಲಿ ಉಜ್ಜಿ, ನನ್ನ ಕಡೆ ನೋಡಿ, “ಇದು ನಮ್ ಹೊಸದುರ್ಗದ ಗುಡ್ಡದ್ದು ಸಾಬ್ರೆ,” ಎಂದ. ಹಡಗಿನಲ್ಲಿ ನನಗೆ ಕೇಳಿಸಿದ ಮೊದಲ ಕನ್ನಡ ಅದು.

ಅವನೇ ರಂಗಪ್ಪ, ಮಾಡದಕೆರೆಯವನು. ನನಗಿಂತ ಹತ್ತು ವರ್ಷಕ್ಕೆ ಹಿರಿಯ. ಹಡಗು ಬಂದರಿನಲ್ಲಿ ನಿಂತಾಗ ದೊಡ್ಡ ಬಾಯ್ಲರುಗಳನ್ನು ಆರಿಸುತ್ತಾರೆ. ಸರಕು ಎತ್ತುವ ರಾಟೆಗಳಿಗೆ, ಪಂಪುಗಳಿಗೆ ಹಬೆ ಕೊಡಲು ಚಿಕ್ಕದೊಂದು ಬಾಯ್ಲರ್ ಇರುತ್ತದೆ. ಕತ್ತೆಯ ಹಾಗೆ ಸದಾ ದುಡಿಯುವುದರಿಂದ ಅದಕ್ಕೆ ಡಾಂಕಿ ಬಾಯ್ಲರ್ ಎಂದೂ ಅದನ್ನು ನೋಡಿಕೊಳ್ಳುವವನಿಗೆ ಡಾಂಕಿಮನ್ ಎಂದೂ ಹೆಸರು. ರಂಗಪ್ಪ ಡಾಂಕಿಮನ್. ನಾನು ಎಲ್ಲರೆದುರು ರಂಗಪ್ಪ ಎನ್ನುತ್ತಿದ್ದೆ, ಇಬ್ಬರೇ ಇದ್ದಾಗ ರಂಗಣ್ಣ.

ಅವನ ಬಾಯ್ಲರ್ ಮುಂದೆ ಒಂದು ಕರೀ ಕಂಬಳಿ ತೂಗುತ್ತಿತ್ತು. ಕಾವು ತಡೆಯಲು ಅದನ್ನು ಒದ್ದೆ ಮಾಡಿ ಇಳಿಬಿಡುತ್ತಿದ್ದ. ಅದು ಬಿಗಿಯಾಗಿರಲೆಂದು ಊರಿನಿಂದ ಹುಣಸೆ ಬೀಜದ ಹಿಟ್ಟು ಒಂದು ಡಬ್ಬಿ ತಂದಿಟ್ಟಿದ್ದ. ನಮ್ಮ ಕಡೆ ಕಂಬಳಿ ನೇಯುವವರೆಲ್ಲ ಆ ಹಿಟ್ಟನ್ನು ಬೇಯಿಸಿ ಅಂಟು ಮಾಡಿ ನೂಲಿಗೆ ಬಳಿಯುತ್ತಾರೆ. ಒಣಗಿದರೆ ನೂಲು ತಂತಿಯ ಹಾಗಾಗುತ್ತದೆ. ರಂಗಣ್ಣನಿಗೆ ಆ ಅಂಟಿನ ಮೇಲೆ ವಿಪರೀತ ನಂಬಿಕೆ. ಅದಕ್ಕೆ ಅರದ ಪುಡಿ, ಅಂದರೆ ಅರದಿಂದ ಕಬ್ಬಿಣ ಉಜ್ಜಿದಾಗ ಉದುರುವ ಪುಡಿ, ಕಲಸಿ ಸೋರುವ ಬಕೆಟ್ಟಿಗೆ ಮೆತ್ತಿದ್ದ, ಬಕೆಟ್ಟು ಸೋರುವುದು ನಿಂತಿತ್ತು. ಗೋವಾದ ಅಡುಗೆಯವನ ಪಾತ್ರೆಗೂ ಮೆತ್ತಿಕೊಟ್ಟಿದ್ದ. ಹಡಗಿನವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಆ ಹಡಗಿನಲ್ಲಿ ನನಗೆ ಸಂಶಯದ ದೀಕ್ಷೆಯಾದದ್ದು ಒಂದು ಚಳಿಗಾಲದಲ್ಲಿ. ಅದಿರು ತುಂಬಿಕೊಂಡು ಜಪಾನಿನ ಕಡೆ ಹೋಗುತ್ತಿದ್ದೆವು. ಒಂದು ಬೆಳಗ್ಗೆ ತಲೆಯ ಮೇಲೆ ಫಿರಂಗಿ ಹಾರಿದಂತೆ ಸದ್ದಾಯಿತು. ಓಡಿ ಹೋಗಿ ನೋಡಿದರೆ ಡೆಕ್ಕಿನ ಮೇಲೆ, ಸರಕು ಇಳಿಸುವ ದೊಡ್ಡ ಬಾಯಿಯ ಮೂಲೆಯಿಂದ ಹೊರಟ ಬಿರುಕು ಹಡಗಿನ ಅಂಚಿನ ಕಡೆ ಓಡಿತ್ತು. ಆ ಕಬ್ಬಿಣ ನಮ್ಮ ಬೆಚ್ಚಗಿನ ನೀರಿನಲ್ಲಿ ಬಾಗುತ್ತದೆ, ಥಂಡಿಯಲ್ಲಿ ಗಾಜಿನ ಹಾಗೆ ಸಿಡಿಯುತ್ತದೆ. ನಮ್ಮ ಮನೆಯ ಕಂಬಳಿ ಎರಡು ಪಟ್ಟಿ ನೇಯ್ದು ನಡುವೆ ಹೊಲಿದದ್ದು. ಒಂದು ಪಟ್ಟಿ ಹರಿದರೆ ಹರಕು ಹೊಲಿಗೆಯವರೆಗೆ ಬಂದು ನಿಲ್ಲುತ್ತದೆ. ರಿವೆಟ್ ಹಡಗೂ ಹಾಗೇ. ವೆಲ್ಡ್ ಮಾಡಿದ ಹಡಗಿಗೆ ಹೊಲಿಗೆಯೇ ಇಲ್ಲ, ಬಿರುಕಿಗೆ ತಡೆಯೂ ಇಲ್ಲ. ಇಂಥ ಹಡಗುಗಳು ಎರಡು ಹೋಳಾದದ್ದೂ ಉಂಟು. ಚೀಫ್ ಎಂಜಿನಿಯರ್ ಬಿರುಕಿನ ತುದಿ ಹುಡುಕಿ ಅಲ್ಲಿ ಒಂದು ದುಂಡು ತೂತು ಕೊರೆಸಿದರು. ಚೂಪು ತುದಿ ಇದ್ದರೆ ಬಿರುಕು ಮುಂದೆ ಓಡುತ್ತದೆ, ದುಂಡಾದರೆ ನಿಲ್ಲುತ್ತದೆ. ಆಮೇಲೆ ನಿಧಾನವಾಗಿ, ಉಸಿರು ಬಿಗಿಹಿಡಿದು ಬಂದರು ಸೇರಿದೆವು. ನನಗೆ ಭಯವಾಗಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಹಿಂದಿನ ಸಂಜೆ ಅದೇ ಜಾಗದಲ್ಲಿ ನಿಂತು ಬೀಡಿ ಸೇದಿದ್ದೆ, ಏನೂ ಕಂಡಿರಲಿಲ್ಲ. ಅಂದಿನಿಂದ ಕಬ್ಬಿಣ ಎಷ್ಟೇ ಗಟ್ಟಿಯಾಗಿ ಕಂಡರೂ ನಂಬುವುದನ್ನು ಬಿಟ್ಟೆ.

ಮದುವೆಯಾಗಿ, ಸಮುದ್ರ ಸಾಕೆನಿಸಿ, ಸರ್ಕಾರಿ ಕೆಲಸಕ್ಕೆ ಸೇರಿದೆ. ಹಡಗಿನ ಎಂಜಿನಿಯರುಗಳು ಬಾಯ್ಲರ್ ಇನ್‌ಸ್ಪೆಕ್ಟರುಗಳಾಗುವುದು ಆಗ ಮಾಮೂಲು. ಸಾಗರಮಣಿ ಇನ್ನಷ್ಟು ದಿನ ಗೋಧಿ, ಅದಿರು, ಕಲ್ಲಿದ್ದಲು ಹೊತ್ತು, ಮುಂಬಯಿಯ ಕೆಸರಿನಲ್ಲಿ ಮಲಗಿ, ಒಡೆಯುವವರ ಗ್ಯಾಸ್ ಕಟರಿಗೆ ಬಲಿಯಾಯಿತೆಂದು ಕೇಳಿದ್ದೆ. ತಗಡು ಒಂದು ಕಡೆ, ಎಂಜಿನ್ ಒಂದು ಕಡೆ, ಗಂಟೆ ಯಾವುದೋ ಶಾಲೆಗೆ. ಈಗ ಅದರ ಡಾಂಕಿ ಬಾಯ್ಲರ್ ಲಾರಿಯಲ್ಲಿ ಹಿರಿಯೂರಿಗೆ ಬಂದು ನನ್ನ ದಾರಿ ಕಾಯುತ್ತಿತ್ತು.

ಹಿರಿಯೂರಿಗೆ ಹೋದೆ. ಗುರುಸಿದ್ದಪ್ಪನವರು ಗೇಟಿಗೇ ಬಂದು ನಿಂತಿದ್ದರು. ಬಿಳೀ ಪಂಚೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಎಳನೀರು.

“ಬರ್ರಿ ಸಾಹೇಬ್ರೆ, ಕುಂತ್ಕಳ್ರಿ. ಮೊದ್ಲು ಊಟ, ಆಮ್ಯಾಲೆ ಬಾಯ್ಲರ್.”

“ಮೊದಲು ಬಾಯ್ಲರ್,” ಎಂದೆ.

ನೋಡಿದರೆ ಬಾಯ್ಲರಿಗೆ ಅಡಿಯಿಂದ ಮುಡಿಯವರೆಗೆ ಕೆಂಪು ಬಣ್ಣ. ಬೆರಳಿಟ್ಟರೆ ಅಂಟುವಷ್ಟು ಹೊಸದು. ನನ್ನ ಸಂಶಯ ಇಮ್ಮಡಿಯಾಯಿತು. ಪರೀಕ್ಷೆಗೆ ಮೊದಲೇ ಯಾರಾದರೂ ಬಣ್ಣ ಬಳಿಸುತ್ತಾರೆಯೇ? ಕೇಳಿದರೆ ಗುರುಸಿದ್ದಪ್ಪನವರು, “ಹೆಣ್ಣು ನೋಡಾಕೆ ಬರೋರ ಮುಂದೆ ಸೀರೆ ಉಡಿಸಲ್ವೇನ್ರಿ?” ಎಂದು ನಕ್ಕರು. ನಾನು ನಗಲಿಲ್ಲ.

ಆಗ ಬಾಯ್ಲರಿನ ಹಿಂದಿನಿಂದ ಒಬ್ಬ ಎದ್ದು ಬಂದು ಕೈ ಮುಗಿದ. ರಂಗಣ್ಣ. ತಲೆ ಹಣ್ಣಾಗಿತ್ತು, ನಗು ಅದೇ. ಹಡಗು ಒಡೆಯುವಾಗ ಯಾರ್ಡಿನಲ್ಲೇ ಇದ್ದನಂತೆ. ಬಾಯ್ಲರ್ ಕೊಳ್ಳಲು ಬಂದ ಗುರುಸಿದ್ದಪ್ಪನವರ ಕನ್ನಡ ಕೇಳಿ ಮಾತಾಡಿಸಿ, ಬಾಯ್ಲರಿನ ಜೊತೆಗೆ ತಾನೂ ಲಾರಿ ಹತ್ತಿ ಬಂದುಬಿಟ್ಟನಂತೆ. ಈಗ ಇಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಮಿಲ್ಲಿನ ಅಂಗಳದಲ್ಲೇ ಮನೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಗುರುಸಿದ್ದಪ್ಪನವರ ಹೋಳಿಗೆ ಊಟ ಬಿಟ್ಟು ಅವನ ಮನೆಗೆ ಹೋಗಿ ಮುದ್ದೆ ಉಂಡೆ. ಅವನ ಹೆಂಡತಿ ಬಡಿಸುತ್ತಾ ಹೇಳಿದಳು:

“ಅಣ್ಣ, ನಾನು ಮದ್ವೆ ಆದಾಗಿಂದ ಇವ್ರು ಹಡಗಲ್ಲೇ ಇದ್ರು. ಈಗ ಮನೇಗೆ ಬಂದವ್ರೆ. ಈ ಒಲೆ ಹತ್ತಲಿಲ್ಲ ಅಂದ್ರೆ ತಿರ್ಗಾ ಮುಂಬೈಗೆ ಹೋಗ್ತೀನಿ ಅಂತಾರೆ. ನೀನೇ ಏನಾರ ಮಾಡು.”

ಅದು ನನ್ನ ಎದೆಗೆ ನಾಟಿತು. ಕೈ ತೊಳೆದು ಹೊರಗೆ ಬಂದು ನೋಡಿದೆ. ಬಾಯ್ಲರ್ ಕೋಣೆಯ ಗೋಡೆಗೆ ಅಂಟಿಕೊಂಡೇ ಒಂದು ಷೆಡ್ಡು, ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಶೇಂಗಾ ಆರಿಸುತ್ತಿದ್ದರು. ಬಾಯ್ಲರ್ ಸಿಡಿದರೆ ಮೊದಲು ಹೋಗುವವನು ಅದರ ಬಾಯಿ ಮುಂದೆ ನಿಂತ ರಂಗಣ್ಣ, ಆಮೇಲೆ ಆ ಹೆಂಗಸರು. ಸಹಿ ಹಾಕದಿದ್ದರೆ ಈ ಮನೆಯ ಒಲೆ ಆರುತ್ತದೆ. ನನ್ನ ಮುಂದಿದ್ದ ಪ್ರಶ್ನೆ ಇಷ್ಟೇ.

ಬಣ್ಣವನ್ನೆಲ್ಲ ಕೆರೆದು ಕಬ್ಬಿಣ ಬರಿದು ಮಾಡಿ ಎಂದು ಹೇಳಿ ಬಂದೆ. ಗುರುಸಿದ್ದಪ್ಪನವರ ಮುಖ ಬಾಡಿತು. “ಹೊಸಾ ಬಣ್ಣ ಕಣ್ರಿ,” ಎಂದರು. ಅವರ ಮುಖ ಬಾಡಿದ್ದನ್ನೂ ನಾನು ಅನುಮಾನದ ಲೆಕ್ಕಕ್ಕೇ ಸೇರಿಸಿದೆ. ಕೆರೆಯುವ ಕೆಲಸವನ್ನು ರಂಗಣ್ಣ ತಾನೇ ವಹಿಸಿಕೊಂಡ. ಬೇರೆ ಯಾರೇ ಆಗಿದ್ದರೂ ನಾನು ಎದುರಿಗೆ ನಿಂತು ಕೆರೆಸುತ್ತಿದ್ದೆ. ರಂಗಣ್ಣ ನಮ್ಮವನು, ಹಾಗಾಗಿ ಬಸ್ ಹತ್ತಿದೆ.

ಮುಂದಿನ ವಾರ ಹೋಗಿ ಸುತ್ತಿಗೆ ತೆಗೆದೆ. ಇನ್‌ಸ್ಪೆಕ್ಟರನ ಸುತ್ತಿಗೆ ಚಿಕ್ಕದು. ತಗಡಿನ ಮೇಲೆ ಗೇಣು ಗೇಣಿಗೆ ಬಡಿಯುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗೆ ದೋಷವಿದ್ದರೆ ಸದ್ದು ಮಂಕಾಗುತ್ತದೆ. ಎಲ್ಲ ಕಡೆ ಠಣ್ ಎಂದ ಬಾಯ್ಲರ್ ಒಂದು ಕಡೆ, ಒಳಗಿಳಿಯುವ ಕಂಡಿಯ ಕೆಳಗಿನ ರಿವೆಟ್ ಸಾಲಿನ ಹತ್ತಿರ, ಥಪ್ ಎಂದಿತು. ಮತ್ತೆ ಬಡಿದೆ. ಥಪ್. ಭೂತಗನ್ನಡಿ ಹಿಡಿದು ನೋಡಿದೆ. ಏನೂ ಇಲ್ಲ. ಉಗುರಿನಿಂದ ಕೆರೆದೆ. ಏನೂ ಸಿಗಲಿಲ್ಲ.

“ಒಳಗೆ ಉಪ್ಪಿನ ಹೆಪ್ಪು ಕೂತೈತೆ ಸಾಬ್ರೆ,” ಎಂದ ರಂಗಣ್ಣ. “ಹಡಗಲ್ಲೂ ಅಲ್ಲಿ ಹಂಗೇ ಅಂತಿತ್ತು.”

ಒಳಗಿಳಿದು ನೋಡಿದೆ. ಹೆಪ್ಪು ಇದ್ದದ್ದು ನಿಜ. ಆಮೇಲೆ ಹೈಡ್ರಾಲಿಕ್ ಪರೀಕ್ಷೆ. ಎಂದರೆ ಬಾಯ್ಲರ್ ತುಂಬ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿ, ಹಬೆಯ ಒತ್ತಡದ ಒಂದೂವರೆ ಪಟ್ಟಿನಲ್ಲಿ ನಿಲ್ಲಿಸಿ, ಎಲ್ಲಾದರೂ ಒಸರುತ್ತದೆಯೇ ಎಂದು ನೋಡುವುದು. ಒತ್ತಡ ತೋರಿಸುವ ಮುಳ್ಳು ಅಲ್ಲಾಡಲಿಲ್ಲ. ಒಂದು ಹನಿ ನೀರು ಬರಲಿಲ್ಲ. ಗುರುಸಿದ್ದಪ್ಪನವರು ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಚಾಚಿದರು.

“ಹಾಕೋದಿಲ್ಲ,” ಎಂದೆ.

“ಯಾಕ್ರಿ?”

“ಒಂದು ಕಡೆ ಸದ್ದು ಸರಿಯಿಲ್ಲ. ನಾಲ್ಕು ರಿವೆಟ್ ತೆಗೆಸಿ ನೋಡಬೇಕು.”

ಅವರಿಗೆ ತಾಳ್ಮೆ ಕೆಟ್ಟಿತು. “ಏನ್ ಸಾಹೇಬ್ರೆ, ಯುದ್ಧ ಮಾಡಿ ಬಂದಿರೋ ಬಾಯ್ಲರ್ ಇದು. ಏಳು ಸಮುದ್ರ ದಾಟೈತೆ. ನನ್ನ ಶೇಂಗಾ ಬೇಯ್ಸಾಕೆ ಆಗಲ್ವಾ? ರಿವೆಟ್ ಕಿತ್ರೆ ಮತ್ತೆ ಬಡಿಯೋನು ಈ ಜಿಲ್ಲೇಲಿ ಯಾವನಿದಾನೆ? ಸೀಜನ್ ಮುಗದೋಗ್ತದೆ.”

ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಒಡೆಯುವ ಯಾರ್ಡಿನವನು ಏನೋ ಮುಚ್ಚಿದ್ದಾನೆ, ಅದು ಇವರಿಗೆ ಗೊತ್ತಿದೆ, ಅದಕ್ಕೇ ಬಣ್ಣ, ಅದಕ್ಕೇ ಎಳನೀರು, ಅದಕ್ಕೇ ನನ್ನ ಹೆಸರು ಹಿಡಿದು ಕರೆದದ್ದು. ಅವರು ದಲಾಲಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡೆ. ಶೇಂಗಾ ದರ ಬಿಟ್ಟು ಬೇರೇನೂ ಇರಲಿಲ್ಲ. ಅಷ್ಟಾದರೂ ನನಗೆ ಸಮಾಧಾನವಾಗಲಿಲ್ಲ. ಕಳ್ಳ ಮಾತು ಮರೆಸಲು ಒಳ್ಳೆಯ ಮಾತು ಆಡುತ್ತಿದ್ದಾರೆ ಎಂದುಕೊಂಡೆ.

ಅವರು ಬೆಂಗಳೂರಿಗೆ ದೂರು ಹೇಳಿದರು. ನನ್ನ ಮೇಲಧಿಕಾರಿ ಫೋನ್ ಮಾಡಿ, ಪರೀಕ್ಷೆಯಲ್ಲಿ ಪಾಸಾದ ಬಾಯ್ಲರನ್ನು ಯಾಕೆ ತಡೆದಿದ್ದೀರಿ ಎಂದರು. ಸದ್ದು ಸರಿಯಿಲ್ಲ ಎಂದೆ. “ಸದ್ದನ್ನು ಫೈಲಿನಲ್ಲಿ ಹೇಗೆ ಬರೆಯುತ್ತೀರಿ? ದಸರಾ ಹಬ್ಬ ಮುಗಿದ ಮೇಲೆ ಕಾರಣ ಬರೆಯಿರಿ, ಇಲ್ಲ ಸಹಿ ಹಾಕಿ,” ಎಂದು ಇಟ್ಟುಬಿಟ್ಟರು.

ಇದರ ನಡುವೆ ರಂಗಣ್ಣ ಚಿತ್ರದುರ್ಗದ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕುಳಿತು, ಕಾಫಿ ಕುಡಿದು, ಲೋಟ ಕೆಳಗಿಟ್ಟ.

“ಪಾಂಚ್ ಸಾಬ್, ಆ ಬಾಯ್ಲರ್ ಮುಂದೆ ನಿಲ್ಲೋನು ನಾನು. ನಂಗೇ ಹೆದ್ರಿಕೆ ಇಲ್ಲ. ನಿಮ್ಗ್ಯಾಕೆ?”

ಅವನು ಹೋದ ಮೇಲೆ ಹೆಂಡತಿ ಅದನ್ನೇ ಕೇಳಿದಳು. ಹಬ್ಬದ ಮಾರನೆಯ ದಿನ ಹೋಗಿ ಸಹಿ ಹಾಕಿಬಿಡುವುದು ಎಂದು ಮನಸ್ಸಿನಲ್ಲೇ ಸೋತಿದ್ದೆ.

ಆಯುಧಪೂಜೆಗೆ ಗುರುಸಿದ್ದಪ್ಪನವರು ಕರೆ ಕಳಿಸಿದರು. ಇಷ್ಟೆಲ್ಲ ಆದ ಮೇಲೂ ಕರೆಯುವುದೆಂದರೆ ಹಣ್ಣಿನ ಬುಟ್ಟಿಯಲ್ಲಿ ಲಂಚ ಇಟ್ಟುಕೊಡುವ ಹುನ್ನಾರ ಎಂದು ನಿಶ್ಚಯಿಸಿಕೊಂಡೇ ಹೊರಟೆ. ಬೆಳಗ್ಗೆ ಹೋದಾಗ ಮಿಲ್ಲಿನ ಆಳುಗಳೆಲ್ಲ ಯಂತ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಗಾಣ, ಮೋಟಾರು, ತಕ್ಕಡಿ, ಗುರುಸಿದ್ದಪ್ಪನವರ ಹಳೆಯ ಕಾರು, ಎಲ್ಲಕ್ಕೂ ಸ್ನಾನ. ರಂಗಣ್ಣ ಬಾಯ್ಲರಿಗೆ ಚಿಂದಿಯಲ್ಲಿ ಅದ್ದಿ ಅದ್ದಿ ಸೀಮೆಎಣ್ಣೆ ಹಚ್ಚಿ ಮೈಯುಜ್ಜಿದ. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದ. ಬರೀ ಕಬ್ಬಿಣ ಕನ್ನಡಿಯಂತೆ ಹೊಳೆಯಿತು.

ಆಮೇಲೆ ವಿಭೂತಿ. ನಮ್ಮ ಕಡೆ ಯಂತ್ರಕ್ಕೆ ಒಂದು ಬೊಟ್ಟಿಟ್ಟರೆ ಮುಗಿಯುವುದಿಲ್ಲ. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಮೂರು ಬೆರಳಲ್ಲಿ ಅಗಲವಾಗಿ ಎಳೆಯಬೇಕು. ಗುರುಸಿದ್ದಪ್ಪನವರು, “ಬಾಯ್ಲರಿಗೆ ನೀನೇ ಹಚ್ಚಪ್ಪ ರಂಗಪ್ಪ, ಅದ್ರ ಮಾವುತ ನೀನೇ ಅಲ್ವಾ,” ಎಂದರು. ರಂಗಣ್ಣ ಭಕ್ತಿಯಿಂದ ಕಂಡಿಯ ಕೆಳಗೆ, ಬಾಯ್ಲರಿನ ಹಣೆ ಎನ್ನಬಹುದಾದ ಜಾಗದಲ್ಲಿ, ಉದ್ದಕ್ಕೆ ಮೂರು ಪಟ್ಟೆ ಎಳೆದ. ನಡುವೆ ಕುಂಕುಮ ಇಟ್ಟ. ಬಿಸಿಲಿಗೆ ವಿಭೂತಿ ಬೇಗನೆ ಒಣಗಿ ಸುಣ್ಣದಂತೆ ಬೆಳ್ಳಗಾಯಿತು. ಕುಂಬಳಕಾಯಿ ಒಡೆದರು. ಮಂಗಳಾರತಿ ಸುರುವಾಯಿತು.

ನಾನು ಕೈ ಮುಗಿದು ನಿಂತಿದ್ದೆ, ಕಣ್ಣು ಮಾತ್ರ ಬಾಯ್ಲರಿನ ಮೇಲಿತ್ತು. ವಿಭೂತಿಯ ನಡುವಿನ ಪಟ್ಟೆಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆಯೊಂದು ಕಂಡಿತು. ಕೂದಲೇ ಇರಬೇಕೆಂದುಕೊಂಡೆ. ಆರತಿ ತಟ್ಟೆ ನನ್ನ ಹತ್ತಿರ ಬರುವ ಹೊತ್ತಿಗೆ ಆ ಗೆರೆ ಉದ್ದವಾಗಿತ್ತು. ಒಂದು ರಿವೆಟ್ಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಇರುವೆ ಸಾಲಿನಂತೆ ಹೋಗುತ್ತಿತ್ತು. ಆರತಿ ತೆಗೆದುಕೊಳ್ಳಲು ಚಾಚಿದ ಕೈ ಹಾಗೇ ನಿಂತಿತು.

ಸೀಮೆಎಣ್ಣೆ ನೀರಿಗಿಂತ ತೆಳ್ಳಗೆ. ಕಣ್ಣಿಗೆ ಕಾಣದ ಸಂದಿಗೂ ಇಳಿಯುತ್ತದೆ. ಮೇಲೆ ಒರೆಸಿದರೂ ಒಳಗೆ ಕೂತಿರುತ್ತದೆ. ಮೇಲೆ ಒಣ ಬಿಳಿ ಪುಡಿ ಬಿದ್ದರೆ ಅದು ಎಣ್ಣೆಯನ್ನು ಹೀರಿ ಬಿರುಕನ್ನು ಬರೆದು ತೋರಿಸುತ್ತದೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಎಣ್ಣೆ ಹಚ್ಚಿ ಸೀಮೆಸುಣ್ಣ ಬಳಿದು ಗಾಲಿಯ ಅಚ್ಚು ನೋಡುವುದು ಹೀಗೆಯೇ. ಪುಸ್ತಕದಲ್ಲಿ ಓದಿದ್ದೆ. ವಿಭೂತಿ ಆ ಕೆಲಸ ಮಾಡುತ್ತದೆಂದು ಹೊಳೆದಿರಲಿಲ್ಲ.

“ಹೆಂಗಸರನ್ನೆಲ್ಲ ಆಚೆ ಕಳಿಸಿ,” ಎಂದೆ. ಬಾಯ್ಲರ್ ತಣ್ಣಗಿತ್ತು, ಅಪಾಯವೇನೂ ಇರಲಿಲ್ಲ. ಆದರೂ ಬಾಯಿಂದ ಆ ಮಾತೇ ಬಂತು.

ಗುರುಸಿದ್ದಪ್ಪನವರ ಕಡೆ ತಿರುಗಿದೆ. ಎಷ್ಟೋ ದಿನದಿಂದ ಕಟ್ಟಿಟ್ಟಿದ್ದ ಸಿಟ್ಟು ನಾಲಗೆಯ ತುದಿಗೆ ಬಂದಿತ್ತು. ಆದರೆ ಅವರು ಗೆರೆ ನೋಡುತ್ತ, ಬಣ್ಣಗೆಟ್ಟ ಮುಖದಲ್ಲಿ, “ಇದೇನ್ರಿ ಇದು?” ಎಂದರು. ನಟಿಸುವವರ ಮುಖ ಹಾಗಿರುವುದಿಲ್ಲ.

“ನನ್ನನ್ನೇ ಯಾಕೆ ಹೆಸರು ಹಿಡಿದು ಕರೆಸಿದಿರಿ?”

“ನಂಗೇನ್ ಗೊತ್ರಿ ನೀವ್ಯಾರು ಅಂತ? ರಂಗಪ್ಪ ಹೇಳ್ದ. ನಮ್ ಸಾಬ್ರಿಗೆ ಈ ಬಾಯ್ಲರ್ ಗೊತ್ತೈತೆ, ಅವ್ರನ್ನೇ ಕರ್ಸಿ ಅಂತ. ಬಣ್ಣ ಹೊಡ್ದೋನೂ ಅವ್ನೇ.”

ನಾನು ರಂಗಣ್ಣನ ಕಡೆ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಗೆರೆಯ ಎಡತುದಿಯ ಹತ್ತಿರ ಹೆಬ್ಬೆರಳು ಇಟ್ಟಿದ್ದ. ಅಲ್ಲಿ ಗೆರೆಯ ಒಂದು ಸಣ್ಣ ತುಣುಕು ಕಾಣೆಯಾಗಿತ್ತು, ಬರೀ ಬಿಳುಪು.

“ಇಷ್ಟೇ ಇತ್ತು,” ಎಂದ. “ಇಷ್ಟೇ ಇತ್ತು ಸಾಬ್ರೆ, ನನ್ ಹೆಬ್ಬೆಟ್ಟಿನಷ್ಟು. ಹಡಗಲ್ಲಿ ಒಸರ್ತಿತ್ತು. ನಮ್ ಹುಣಸೆ ಅಂಟಿಗೆ ಅರದ ಪುಡಿ ಕಲಸಿ ತುಂಬ್ದೆ. ನಿಂತೋಯ್ತು. ಆಮ್ಯಾಲೆ ಅದೆಂದೂ ಒಸರ್ಲಿಲ್ಲ.”

ಅರದ ಪುಡಿ ತುಕ್ಕು ಹಿಡಿದು, ಅಂಟಿನ ಜೊತೆ ಕಲ್ಲಾಗಿ, ಕಬ್ಬಿಣದ ಬಣ್ಣವನ್ನೇ ತಾಳಿ ನನ್ನ ಭೂತಗನ್ನಡಿಯನ್ನೂ ಉಗುರನ್ನೂ ಏಮಾರಿಸಿತ್ತು. ಸೀಮೆಎಣ್ಣೆಯೂ ಅಲ್ಲಿ ಇಳಿಯಲಾಗದೆ ಆ ತುಣುಕು ಬಿಳಿಯಾಗೇ ಉಳಿದಿತ್ತು. ಹಬೆ ಒಸರುವುದೆಂದರೆ ಬಾಯ್ಲರ್ ನೋವೆಂದು ಕೂಗಿಕೊಳ್ಳುವುದು. ರಂಗಣ್ಣ ಅದರ ಬಾಯಿ ಕಟ್ಟಿದ್ದ. ಒಳಗೆ ಬೇನೆ ಮಾತ್ರ ಬೆಳೆಯುತ್ತಲೇ ಹೋಗಿತ್ತು. ಹೆಪ್ಪು ಕಟ್ಟದಿರಲೆಂದು ನೀರಿಗೆ ಹಾಕುವ ಸೋಡಾ ತಗಡುಗಳ ಸಂದಿಯಲ್ಲಿ ಕೂತು ವರ್ಷಾನುಗಟ್ಟಲೆ ಕಬ್ಬಿಣವನ್ನು ಬಿಸ್ಕತ್ತಿನಂತೆ ಮಾಡುವುದುಂಟು. ಯುದ್ಧಕಾಲದ ಅವಸರ, ವೆಲ್ಡಿಂಗು, ಯಾರ್ಡಿನವನ ಮೋಸ ಎಂದೆಲ್ಲ ನಾನು ಹುಡುಕುತ್ತಿದ್ದೆ. ಬಾಯ್ಲರನ್ನು ಕಟ್ಟಿದವರು ಚೆನ್ನಾಗಿಯೇ ಕಟ್ಟಿದ್ದರು.

ರಂಗಣ್ಣ ಎಡತುದಿಯಿಂದ ಬಲತುದಿಯವರೆಗೆ ಗೆರೆಯನ್ನು ಕಣ್ಣಲ್ಲಿ ಅಳೆದ. ಅದು ಅವನ ಮೊಳಕೈವರೆಗಿನ ತೋಳಿಗಿಂತ ಉದ್ದವಿತ್ತು. ಅವನು ಅಲ್ಲೇ ನೆಲದ ಮೇಲೆ ಕುಳಿತ. ಪೂಜೆಯ ಕೈ, ಮೂರು ಬೆರಳಲ್ಲೂ ವಿಭೂತಿ.

“ಯಾಕೆ ಹೇಳಲಿಲ್ಲ ರಂಗಣ್ಣ?”

“ಹೇಳಿದ್ರೆ ಸೈ ಹಾಕ್ತಿದ್ರಾ?”

“ಇಲ್ಲ.”

“ಅದಕ್ಕೇ.”

ಬಾಗಿಲ ಹತ್ತಿರ ಅವನ ಹೆಂಡತಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಅವಳ ಕಣ್ಣು ಬಾಯ್ಲರಿನ ಬೆಂಕಿ ಬಾಯಿಯ ಮೇಲಿತ್ತು, ಗಂಡ ನಿಲ್ಲುವ ಜಾಗದ ಮೇಲೆ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಮೋಸ ಮಾಡುವವನು ತಾನೇ ಹೋಗಿ ಬೆಂಕಿಯ ಮುಂದೆ ನಿಲ್ಲುವುದಿಲ್ಲ. ಅವನು ಅಂಟನ್ನು ನಂಬಿದ್ದ, ಅಷ್ಟೆ. ಊರಲ್ಲಿ ಒಬ್ಬರನ್ನೂ ಬಿಡದೆ ಅನುಮಾನಿಸಿದ್ದ ನನಗೆ, ಮುದ್ದೆ ಇಕ್ಕಿದ ಮನೆಯೊಂದು ಮಾತ್ರ ತಲೆಗೇ ಬಂದಿರಲಿಲ್ಲ.

ಹಬ್ಬ ಮುಗಿದ ಮೇಲೆ ಬಾಯ್ಲರನ್ನು ಕತ್ತರಿಸಿದರು. ಆ ಸಾಲಿನ ತಗಡು ತೆಗೆದು ನೋಡಿದರೆ ಬಿರುಕು ಅಂಟು ತುಂಬಿದ ಕಡೆ ಪೂರ್ತಿ ತೂರಿತ್ತು, ಉಳಿದ ಕಡೆ ಅರ್ಧಕ್ಕೂ ಹೆಚ್ಚು ದಪ್ಪ ತಿಂದಿತ್ತು. ಹಳೆಯ ಭಾಗ ಕರ್ರಗೆ, ಹೊಸ ಭಾಗ ಬೆಳ್ಳಗೆ. ತಣ್ಣೀರಿನ ಒತ್ತಡ ತಡೆದದ್ದು ನಮ್ಮ ಪುಣ್ಯ. ಹಬೆಗೆ ಎಷ್ಟು ದಿನ ತಡೆಯುತ್ತಿತ್ತೋ ನನಗೆ ಗೊತ್ತಿಲ್ಲ, ಆ ಸೀಜನ್ ಪೂರ್ತಿ ಖಂಡಿತ ಇಲ್ಲ. ಗುರುಸಿದ್ದಪ್ಪನವರಿಗೆ ಆ ವರ್ಷ ನಷ್ಟವಾಯಿತು. ನಾನು ಅವರ ಮನೆಗೆ ಹೋಗಿ, ಅಂದು ಬಿಟ್ಟು ಹೋಗಿದ್ದ ಹೋಳಿಗೆ ಊಟವನ್ನು ಕೇಳಿ ಹಾಕಿಸಿಕೊಂಡು ಉಂಡೆ. ಅವರಿಗೆ ಕೊಡಲು ನನ್ನ ಹತ್ತಿರ ಇದ್ದ ಕ್ಷಮೆ ಅದೊಂದೇ.

ರಂಗಣ್ಣ ಮುಂಬಯಿಗೆ ಹೋಗಲಿಲ್ಲ. ಗುರುಸಿದ್ದಪ್ಪನವರು ಹೋಗಗೊಡಲಿಲ್ಲ. “ತಿಳೀದೆ ಮಾಡ್ದ. ಗೊತ್ತಾದ್ಮೇಲೆ ಇವ್ನಷ್ಟು ಹುಷಾರಾಗಿರೋನು ನಂಗೆಲ್ಲಿ ಸಿಗ್ತಾನೆ?” ಎಂದರು. ಗಾಣದ ಕೆಲಸಕ್ಕೆ ಹಾಕಿ, ಮುಂದಿನ ವರ್ಷ ಹೊಸ ಬಾಯ್ಲರ್ ಬಂದಾಗ ಅವನನ್ನೇ ಕೂರಿಸಿದರು. ನಾನಾಗಿದ್ದರೆ ಅಷ್ಟು ನಂಬುತ್ತಿದ್ದೆನೋ ಇಲ್ಲವೋ.

ಹೊಸ ಬಾಯ್ಲರ್ ಪರೀಕ್ಷೆಗೆ ಹೋದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಣ್ಣ ಇರಲಿಲ್ಲ. ಹಬ್ಬವೂ ಅಲ್ಲ, ಹುಣ್ಣಿಮೆಯೂ ಅಲ್ಲ, ಆದರೂ ಬಾಯ್ಲರಿನ ಪ್ರತಿ ರಿವೆಟ್ ಸಾಲಿನ ಮೇಲೂ ಸೀಮೆಎಣ್ಣೆ ಒರೆಸಿ ವಿಭೂತಿ ಎಳೆದಿತ್ತು. ಎಲ್ಲ ಪಟ್ಟೆಯೂ ಬೆಳ್ಳಗೆ, ಒಂದು ಗೆರೆಯೂ ಇರಲಿಲ್ಲ. ರಂಗಣ್ಣ ಪಕ್ಕದಲ್ಲಿ ನಿಂತಿದ್ದ. ಅವನ ಹೆಂಡತಿ ಬಾಗಿಲಲ್ಲಿದ್ದಳು.

“ಏನೂ ಇಲ್ಲ ಅನ್ನಿಸ್ತೈತೆ ಸಾಬ್ರೆ,” ಎಂದ. “ನನ್ನ ಮಾತು ನಂಬಬ್ಯಾಡ್ರಿ. ಬಡ್ದು ನೋಡ್ರಿ.”

ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಬೇಕಾದವರ ಕಬ್ಬಿಣವನ್ನು ಒಂದು ಸಲ ಹೆಚ್ಚಿಗೆ ಬಡಿಯಬೇಕು ಎಂದು ನನಗೆ ಕಲಿಸಿದ್ದು ಸಾಗರಮಣಿ. ಅದರ ತುಂಡುಗಳು ಈಗ ಎಲ್ಲೆಲ್ಲಿವೆಯೋ.

ಸುತ್ತಿಗೆ ತೆಗೆದು ಕಂಡಿಯ ಕೆಳಗೆ ಬಡಿದೆ. ಠಣ್ ಎಂದಿತು. ರಂಗಣ್ಣ ನಕ್ಕ. ನಾನು ಇನ್ನೊಂದು ಸಲ ಬಡಿದೆ.